ಟಿಕೆಟ್ ಕೊಟ್ಟವರೇ ದಾರಿ ಹೇಳುತ್ತಿದ್ದರು

ಎರಡೂಕಾಲು ಅಂಗುಲ ಉದ್ದ, ಒಂದು ಅಂಗುಲಕ್ಕಿಂತ ತುಸು ಹೆಚ್ಚು ಅಗಲ. ದಪ್ಪ ರಟ್ಟಿನ ಚೂರು. ಅದರ ಮೇಲೆ ಹೊರಟ ಊರು, ಸೇರಬೇಕಾದ ಊರು, ದರ್ಜೆ, ದರ ಮತ್ತು ಒಂದು ಕ್ರಮಸಂಖ್ಯೆ. ಬೆಂಗಳೂರಿನಿಂದ ಮೈಸೂರಿಗೆ ದಸರಾ ನೋಡಲು ಬಂದವರೂ ನಂಜನಗೂಡಿನ ತೇರಿಗೆ ಹೊರಟವರೂ ಹತ್ತಾರು ವರ್ಷ ಇದೇ ಚೂರನ್ನು ಜೇಬಿನಲ್ಲೋ ಸೆರಗಿನ ಗಂಟಿನಲ್ಲೋ ಜೋಪಾನ ಮಾಡಿಕೊಂಡು ಬಂದರು. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ ಶುರುವಾದದ್ದು 1979ರಲ್ಲಿ. ಅಲ್ಲಿಗೆ ಬಂದವರ ಕಣ್ಣು ಉಗಿ ಎಂಜಿನ್ ಮೇಲೆ, ಮಹಾರಾಣಿಯವರ ಸಲೂನ್ ಗಾಡಿಯ ಮೇಲೆ ನಿಲ್ಲುತ್ತದೆ. ಆದರೆ ಸಾಮಾನ್ಯ ಪ್ರಯಾಣಿಕನ ಚರಿತ್ರೆ ಇರುವುದು ಆ ರಟ್ಟಿನ ಚೂರಿನಲ್ಲಿ.

ಆ ಚೂರು ಹಿಡಿದು ಜನ ಓಡಾಡಿದ ಬೆಂಗಳೂರು–ಮೈಸೂರು ಹಳಿಯ ಹುಟ್ಟಿನ ಹಿಂದೆ ದೊಡ್ಡ ದುಃಖವೊಂದಿದೆ. 1876–78ರ ಧಾತು ಈಶ್ವರ ಬರದಲ್ಲಿ ಜನ ಅನ್ನವಿಲ್ಲದೆ ಸಾಯುತ್ತಿದ್ದಾಗ ಅವರಿಗೆ ಕೂಲಿ ಒದಗಿಸುವ ಪರಿಹಾರ ಕಾಮಗಾರಿಯಾಗಿ ಈ ಹಾದಿಯ ಮಣ್ಣಿನ ಕೆಲಸ ನಡೆಯಿತು. ಸುಮಾರು 138 ಕಿಲೋಮೀಟರಿನ ಮೀಟರ್ ಗೇಜ್ ಹಳಿ 1881–82ರಲ್ಲಿ ಹಂತ ಹಂತವಾಗಿ ತೆರೆದುಕೊಂಡಿತು. 1891ರಲ್ಲಿ ಅದು ನಂಜನಗೂಡು ಮುಟ್ಟಿತು. ಎತ್ತಿನ ಗಾಡಿಯಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ದಾರಿ ಕೆಲವೇ ಗಂಟೆಗಳಿಗೆ ಇಳಿಯಿತು.

ಟಿಕೆಟ್‌ನ ಕಥೆ ಮಾತ್ರ ದೂರದ ಇಂಗ್ಲೆಂಡಿನದು. ಮೇಜು ಕುರ್ಚಿ ಮಾಡುವ ಕಸುಬಿನಲ್ಲಿ ದಿವಾಳಿಯಾಗಿದ್ದ ಥಾಮಸ್ ಎಡ್ಮಂಡ್‌ಸನ್ 1830ರ ದಶಕದಲ್ಲಿ ಪುಟ್ಟ ನಿಲ್ದಾಣವೊಂದರ ಸ್ಟೇಷನ್ ಮಾಸ್ತರನಾದ. ಆಗ ಪ್ರತಿಯೊಬ್ಬ ಪ್ರಯಾಣಿಕನಿಗೂ ಗುಮಾಸ್ತ ಕೈಯಾರೆ ಚೀಟಿ ಬರೆದುಕೊಡಬೇಕಿತ್ತು. ಎಡ್ಮಂಡ್‌ಸನ್ ರಟ್ಟಿನ ತುಂಡುಗಳಿಗೆ ಮೊದಲೇ ಕ್ರಮಸಂಖ್ಯೆ ಅಚ್ಚು ಹಾಕಿಸಿ, ಮಾರುವ ಹೊತ್ತಿಗೆ ತಾರೀಖು ಒತ್ತುವ ಯಂತ್ರವನ್ನೂ ರೂಪಿಸಿದ. ಬೆಳಿಗ್ಗೆಯ ಮೊದಲ ಸಂಖ್ಯೆ, ಸಂಜೆಯ ಕೊನೆಯ ಸಂಖ್ಯೆ ನೋಡಿದರೆ ದಿನದ ಲೆಕ್ಕ ತಾನಾಗಿ ಸಿಗುತ್ತಿತ್ತು. ಅದೇ ಪದ್ಧತಿ ಭಾರತದ ನಿಲ್ದಾಣಗಳಿಗೂ ಬಂತು. ಕಂಪ್ಯೂಟರ್ ಬರುವವರೆಗೆ ಟಿಕೆಟ್ ಕಿಂಡಿಯ ಮುಂದೆ ನಿಂತವರ ಕಿವಿಗೆ ತಾರೀಖು ಒತ್ತುವ ಆ ‘ಟಕ್’ ಸದ್ದು ಬೀಳುತ್ತಲೇ ಇತ್ತು.

ಮೈಸೂರಿನಲ್ಲಿ ರೈಲಿನಿಂದ ಇಳಿದ ಮೇಲೆ ಇನ್ನೊಂದು ಶಾಸ್ತ್ರ. ಹೊರಬಾಗಿಲಲ್ಲಿ ನಿಂತ ಟಿಕೆಟ್ ಕಲೆಕ್ಟರನ ಕೈಗೆ ರಟ್ಟನ್ನು ಒಪ್ಪಿಸಿಯೇ ಊರೊಳಗೆ ಕಾಲಿಡಬೇಕಿತ್ತು. ಆಚೆ ಟಾಂಗಾಗಳ ಸಾಲು. ಮೈಸೂರಿಗೇ ವಿಶೇಷವಾದ ಶಾ ಪಸಂದ್ ಗಾಡಿಗಳೂ ಅಲ್ಲಿರುತ್ತಿದ್ದವು. ಟಾಂಗಾಕ್ಕೆ ಚೀಟಿ ಇರಲಿಲ್ಲ, ಬಾಯಿಮಾತಿನ ಚೌಕಾಸಿ ಅಷ್ಟೇ. ಒಪ್ಪಂದವಾದ ಮೇಲೆ ಗಾಡಿಯವನೇ ಊರು ತೋರಿಸುವವನು: ಇದು ಚಿಕ್ಕ ಗಡಿಯಾರ, ಅದು ದೊಡ್ಡ ಗಡಿಯಾರ, ಅಗೋ ಅರಮನೆ. 1927ರಲ್ಲಿ ದೊಡ್ಡ ಗಡಿಯಾರ ಎದ್ದು ನಿಂತ ಮೇಲಂತೂ ಹೊಸಬರಿಗೆ ದಾರಿ ಹೇಳುವುದು ಇನ್ನೂ ಸಲೀಸಾಯಿತು.

ಟಾಂಗಾದ ನಂತರದ ಸರದಿ ಬಸ್ಸಿನದು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಕೆಲಸ ಶುರು ಮಾಡಿತು. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. ರಾಜ್ಯದ ಹೆಸರು 1973ರಲ್ಲಿ ಬದಲಾದಾಗ ನಿಗಮದ ಹೆಸರೂ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ (ಕೆಎಸ್‌ಆರ್‌ಟಿಸಿ) ಎಂದು ಬದಲಾಯಿತು. 1997ರಲ್ಲಿ ಬೆಂಗಳೂರಿನ ನಗರ ಸಾರಿಗೆ ಬೇರೆ ಮನೆ ಹೂಡಿದರೂ ಮೈಸೂರಿನ ಸಿಟಿ ಬಸ್ಸುಗಳು ಕೆಎಸ್‌ಆರ್‌ಟಿಸಿಯ ಕೈಯಲ್ಲೇ ಉಳಿದವು.

ಈ ಬಸ್ಸುಗಳು ಊರಿಗೆ ತಂದುಕೊಟ್ಟ ದೊಡ್ಡ ಆಸ್ತಿ ಎಂದರೆ ಕಂಡಕ್ಟರ್. ಹೆಗಲಿಗೆ ಚರ್ಮದ ಚೀಲ, ಕೈಯಲ್ಲಿ ಬಣ್ಣಬಣ್ಣದ ಟಿಕೆಟ್ ಕಟ್ಟುಗಳು, ಬೆರಳ ಸಂದಿಯಲ್ಲಿ ಮಡಿಚಿದ ನೋಟುಗಳು, ತುಟಿಯಲ್ಲಿ ಸೀಟಿ. ಒಂದೊಂದು ದರಕ್ಕೆ ಒಂದೊಂದು ಕಟ್ಟು. ದರ ಕೂಡದಿದ್ದರೆ ಎರಡು ಮೂರು ಚೀಟಿ ಹರಿದು ಜೋಡಿಸಬೇಕಿತ್ತು. ತೆಳು ಕಾಗದದ ಮೇಲೆ ಸ್ಟೇಜಿನ ಸಂಖ್ಯೆಗೆ ಸರಿಯಾಗಿ ಪಂಚ್ ಒತ್ತಬೇಕಿತ್ತು. ಸ್ಟೇಜು ದಾಟುತ್ತಿದ್ದಂತೆ ವೇಬಿಲ್‌ನಲ್ಲಿ ಲೆಕ್ಕ ಬರೆಯಬೇಕಿತ್ತು. ಚಿಲ್ಲರೆ ಇಲ್ಲವೆಂದರೆ ಕೊಡಬೇಕಾದ ಬಾಕಿಯನ್ನು ಟಿಕೆಟ್ ಬೆನ್ನ ಮೇಲೆ ಗೀಚಿಕೊಡುತ್ತಿದ್ದರು. ಇಳಿಯುವ ಮುನ್ನ ಅದನ್ನು ಕೇಳಿ ಪಡೆಯುವುದು ಪ್ರಯಾಣಿಕನ ಹೊಣೆ.

ಇಷ್ಟೆಲ್ಲದರ ನಡುವೆ ಅವರು ಊರಿನ ನಕ್ಷೆಯೂ ಆಗಿರುತ್ತಿದ್ದರು. ಪರಸ್ಥಳದವರು ಸಿಟಿ ಬಸ್ ನಿಲ್ದಾಣದಲ್ಲಿ ನಿಂತು “ಚಾಮುಂಡಿ ಬೆಟ್ಟಕ್ಕೆ ಯಾವುದು ಸ್ವಾಮಿ?” ಎಂದರೆ “201 ಹತ್ತಿ” ಎಂಬ ಉತ್ತರ ಸಿದ್ಧ. ಹತ್ತಿದ ಮೇಲೂ ಆತಂಕ ಇರುವವರಿಗೆ “ಕೂತ್ಕೊಳ್ಳಿ, ಬಂದಾಗ ಹೇಳ್ತೀನಿ” ಎಂಬ ಅಭಯ. ಟಿಕೆಟ್ ಕೊಳ್ಳುವುದೂ ದಾರಿ ಕೇಳುವುದೂ ಬೇರೆ ಬೇರೆ ಕೆಲಸಗಳಾಗಿರಲಿಲ್ಲ. ಎರಡನ್ನೂ ಒಂದೇ ಮನುಷ್ಯ, ಒಂದೇ ಉಸಿರಿನಲ್ಲಿ ಮುಗಿಸಿಕೊಡುತ್ತಿದ್ದ.

ಯಂತ್ರಗಳು ಬಂದಂತೆ ಈ ಎರಡು ಕೆಲಸಗಳು ನಿಧಾನಕ್ಕೆ ಬೇರಾದವು. ಮೊದಲು ಕಟ್ಟುಗಳು ಹೋಗಿ ಕೈಯಂತ್ರ ಬಂತು. 2012ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ ನಗರದ 500 ಬಸ್ಸುಗಳಿಗೆ ಜಿಪಿಎಸ್ ಅಳವಡಿಸಿ, ತಂಗುದಾಣಗಳಲ್ಲಿ ಬಸ್ ಬರುವ ಹೊತ್ತು ತೋರುವ ಫಲಕ ಹಾಕಲಾಯಿತು. ನಗರ ಸಾರಿಗೆಯಲ್ಲಿ ಇದು ದೇಶದ ಮೊದಲ ಪ್ರಯೋಗಗಳಲ್ಲೊಂದು. 2017ರ ಜೂನ್‌ನಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್‌ಗಳು ಬಂದವು. ಕಾರ್ಡ್ ತಾಗಿಸಿದರೆ ಸೈಕಲ್ ಬಿಡುಗಡೆಯಾಗುತ್ತಿತ್ತು, ಮತ್ತೊಂದು ನಿಲ್ದಾಣದಲ್ಲಿ ಸಿಕ್ಕಿಸಿದರೆ ಸವಾರಿ ಮುಗಿಯುತ್ತಿತ್ತು. ಇವೆಲ್ಲ ನಿಜವಾಗಿಯೂ ಒಳ್ಳೆಯ ಅನುಕೂಲಗಳು. ಭಾಷೆ ಬಾರದ ಪ್ರವಾಸಿಗಂತೂ ದೊಡ್ಡ ಆಸರೆ.

ಇದರ ಮುಂದಿನ ಹಂತವನ್ನು ಮೈಸೂರಿನವರು ಕಂಡದ್ದು ತಾವೇ ಪರಸ್ಥಳದವರಾಗಿ, ಬೆಂಗಳೂರಿನಲ್ಲಿ. ನಮ್ಮ ಮೆಟ್ರೊ 2011ರ ಅಕ್ಟೋಬರ್ 20ರಂದು ಎಂ.ಜಿ. ರಸ್ತೆ–ಬೈಯಪ್ಪನಹಳ್ಳಿ ನಡುವೆ ಓಡಿತು. 2015ರ ನವೆಂಬರ್‌ನಲ್ಲಿ ಮೈಸೂರು ರಸ್ತೆ ನಿಲ್ದಾಣ ತೆರೆಯಿತು. 2021ರ ಆಗಸ್ಟ್‌ನಲ್ಲಿ ಹಳಿ ಕೆಂಗೇರಿಗೆ ಬಂದ ಮೇಲೆ ಮೈಸೂರಿನ ಬಸ್ಸು, ರೈಲುಗಳಿಂದ ಅಲ್ಲೇ ಇಳಿದು ಮೆಟ್ರೊ ಹಿಡಿಯುವುದು ರೂಢಿಯಾಯಿತು. ಕೌಂಟರಿನಲ್ಲಿ ಸೇರಬೇಕಾದ ನಿಲ್ದಾಣ ಹೇಳಿದರೆ ನಾಣ್ಯದಂಥ ಪ್ಲಾಸ್ಟಿಕ್ ಟೋಕನ್ ಕೈಗೆ ಬರುತ್ತದೆ. ಒಳಹೋಗುವಾಗ ಅದನ್ನು ಗೇಟಿಗೆ ತಾಗಿಸಬೇಕು. ಹೊರಬರುವಾಗ ಸೀಳುಗಂಡಿಯೊಳಗೆ ಹಾಕಬೇಕು. ರಟ್ಟಿನ ಟಿಕೆಟ್ ಒಪ್ಪಿಸಿ ಬರುತ್ತಿದ್ದ ತಲೆಮಾರಿಗೆ ಇದು ಹಳೆಯ ಶಾಸ್ತ್ರವೇ. ಕಲೆಕ್ಟರ್ ಇದ್ದ ಜಾಗದಲ್ಲಿ ಗೇಟು ನಿಂತಿದೆ, ಅಷ್ಟೇ. ಪದೇ ಪದೇ ಹೋಗುವವರಿಗೆ ಸ್ಮಾರ್ಟ್ ಕಾರ್ಡ್ ಇದೆ. 2022ರ ನವೆಂಬರ್‌ನಿಂದ ವಾಟ್ಸ್ಆ್ಯಪ್‌ನಲ್ಲೂ ಟಿಕೆಟ್ ಸಿಗುತ್ತದೆ.

ಕಷ್ಟವಾಗುವುದು ನೆಲದಡಿಯಲ್ಲಿ. 2016ರ ಏಪ್ರಿಲ್ ಕೊನೆಯಲ್ಲಿ ಸುರಂಗ ಮಾರ್ಗ ತೆರೆದಾಗ ಗಡಿಯಾರ ಗೋಪುರ ನೋಡಿ, ಸರ್ಕಲ್ಲಿನ ಪ್ರತಿಮೆ ನೋಡಿ ದಾರಿ ಗುರುತಿಸುವ ಮೈಸೂರಿನ ಕಣ್ಣಿಗೆ ಅಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಒಂದು ನಿಲ್ದಾಣದ ಹೆಸರು ನಾಡಪ್ರಭು ಕೆಂಪೇಗೌಡ. ಬಂದವರು ಹುಡುಕುವುದು ಮೆಜೆಸ್ಟಿಕ್ಕನ್ನು. ಎರಡೂ ಒಂದೇ ಎಂದು ಹೇಳಲು ಪಕ್ಕದ ಪ್ರಯಾಣಿಕರೇ ಬೇಕು.

ಮೈಸೂರಿನ ಸಿಟಿ ಬಸ್ಸಿನಲ್ಲಿ ದಾರಿ ಕೇಳುವ ಈ ಮಾತುಕತೆಗೆ ಇನ್ನೊಂದು ತಿರುವು ಸಿಕ್ಕಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ದುಡ್ಡಿಲ್ಲದಿದ್ದರೂ ಟಿಕೆಟ್ ಇದೆ, ಶೂನ್ಯ ದರದ್ದು. ಅದನ್ನು ಮುದ್ರಿಸಲು ಹತ್ತಿದ ಜಾಗ, ಇಳಿಯುವ ಜಾಗ ಎರಡೂ ಗೊತ್ತಾಗಬೇಕು. ಹಾಗಾಗಿ ಕಂಡಕ್ಟರ್ ಕೇಳಲೇಬೇಕು: “ಎಲ್ಲಿಗಮ್ಮ?” ಬೆಟ್ಟಕ್ಕೆ ಎಂಬ ಉತ್ತರ ಬರುತ್ತದೆ. ಗುರುತಿನ ಚೀಟಿ ನೋಡಿ ಸೊನ್ನೆಯ ಟಿಕೆಟ್ ಹರಿದು ಕೊಡುವಷ್ಟರಲ್ಲಿ ಮುಂದಿನ ಪ್ರಶ್ನೆ: ದರ್ಶನ ಆದ ಮೇಲೆ ಮೆಟ್ಟಿಲಲ್ಲೇ ಇಳಿದರೆ ನಂದಿ ಸಿಗುತ್ತಾ? ಸಿಗುತ್ತೆ, ನಿಧಾನಕ್ಕೆ ಇಳೀರಿ ಎನ್ನುತ್ತಾ ಅವರು ಹಿಂದಿನ ಸೀಟಿನ ಕಡೆ ಸರಿಯುತ್ತಾರೆ.