ಎರಡು ಸೋಡದ ಕಥೆ

ಕಾದಂಬರಿ ಕೈಗೆ ಸಿಕ್ಕಿತೆಂದರೆ ನಮ್ಮಮ್ಮನಿಗೆ ಒಲೆಯ ಮೇಲಿನ ಹಾಲೂ ಮರೆತುಹೋಗುತ್ತದೆ. ಸಾಮಾನು ಕಟ್ಟಿ ಕೊಟ್ಟ ಹಳೆಯ ಪತ್ರಿಕೆಯ ಹಾಳೆಯನ್ನು ಕೂಡ ಬಿಡಿಸಿ, ಸುಕ್ಕು ತೀಡಿ, ಎರಡೂ ಮಗ್ಗುಲು ಓದಿದ ಮೇಲೆಯೇ ಬುಟ್ಟಿಗೆ ಹಾಕುವವಳು. ಅಂಥವಳು ಕೆಲವು ವರ್ಷಗಳ ಹಿಂದೆ ಒಂದು ದಿನ ಕಡಲೆಕಾಳು ಬೇಗ ಬೇಯಲೆಂದು ಸೋಡ ಹಾಕಿದಳು. ಬೆಂದ ಕಾಳನ್ನು ಬಾಯಿಗೆ ಹಾಕಿಕೊಂಡರೆ ಬರೀ ಸಾಬೂನಿನ ರುಚಿ. ಹಾಕಿದ್ದು ಅಡುಗೆ ಸೋಡ ಅಲ್ಲ, ಬಟ್ಟೆ ಸೋಡ!

ಎರಡೂ ಪೊಟ್ಟಣಗಳನ್ನು ನಾನೇ ಊರಿನ ಒಂದು ದೊಡ್ಡ ಅಂಗಡಿಯಿಂದ ತಂದಿದ್ದೆ. ಅಂಗಡಿಯವರು ತಮ್ಮದೇ ಹೆಸರು ಹಾಕಿ ಮಾರುವ ಸರಕು ಅವು. ಹೆಸರಾಂತ ಕಂಪನಿಯದಕ್ಕಿಂತ ಬೆಲೆ ಕಡಿಮೆ. ಒಂದೇ ಬಗೆಯ ಪ್ಲಾಸ್ಟಿಕ್ ಚೀಲ, ಒಂದೇ ಬಿಳಿ ಚೀಟಿ, ಅದರ ಮೇಲೆ ದಪ್ಪಕ್ಷರದಲ್ಲಿ ಅಂಗಡಿಯ ಹೆಸರು. ಒಳಗಿರುವುದು ಏನೆಂಬುದು ಮಾತ್ರ ಮೂಲೆಯಲ್ಲಿ, ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ. ಅಮ್ಮ ಕಷ್ಟಪಟ್ಟು ಅಕ್ಷರ ಕೂಡಿಸಿ ‘ಸೋಡ’ ಎಂಬಷ್ಟನ್ನು ಓದಿದ್ದಳು. ಎರಡಕ್ಕೂ ಸಮನಾಗಿದ್ದದ್ದು ಅದೊಂದೇ ಪದ.

ಕಾಳನ್ನು ಚೆಲ್ಲಿದ್ದಕ್ಕೆ ಅವಳಿಗೆ ಅಷ್ಟು ಬೇಸರವಾಗಲಿಲ್ಲ. “ಕೊನೆಗೆ ನಾನು ಓದು ಬಾರದವಳಾಗಿಬಿಟ್ಟೆನಲ್ಲೇ” ಎಂದಳು. ಆ ಮಾತು ನನಗೆ ಚುಚ್ಚಿತು.

ನಾನು ಚಿಕ್ಕವಳಿದ್ದಾಗ ಸಂತೇಪೇಟೆಯ ದಿನಸಿ ಅಂಗಡಿಗೆ ಅಮ್ಮನ ಜೊತೆ ಹೋಗುತ್ತಿದ್ದೆ. ಅಲ್ಲಿ ಪೊಟ್ಟಣದ ಮೇಲೆ ಹೆಸರೇ ಇರುತ್ತಿರಲಿಲ್ಲ. ಪತ್ರಿಕೆಯ ಹಾಳೆಯನ್ನು ಶಂಕುವಿನಂತೆ ಸುತ್ತಿ, ಸಾಮಾನು ತುಂಬಿ, ಬಾಯಿ ಮಡಿಸಿ, ಮೇಲಿಂದ ಇಳಿಬಿದ್ದ ದಾರವನ್ನು ಸರಸರನೆ ಸುತ್ತಿ ಕಟ್ಟುತ್ತಿದ್ದರು. ಆದರೆ ಶೆಟ್ಟರಿಗೆ ಬಾಯಿತ್ತು. “ಇದು ಬಟ್ಟೆಗೆ ಅಮ್ಮಾವ್ರೇ, ಅಡುಗೆಮನೇಲಿ ಇಡಬೇಡಿ” ಎಂದು ಹೇಳಿಯೇ ಕೊಡುತ್ತಿದ್ದರು. ತೂಕ ಕಡಿಮೆಯಾಗಿದ್ದರೆ, ಬೇಳೆಯಲ್ಲಿ ಹುಳವಿದ್ದರೆ ಮರುದಿನ ಜಗಳವಾಡಲು ಅದೇ ಮುಖ ಅದೇ ಗದ್ದುಗೆಯ ಮೇಲೆ ಕೂತಿರುತ್ತಿತ್ತು.

ಮಾರುವವರ ಮುಖ ಕಾಣದಂಥ ದೂರದ ಊರಿಗೂ ಸರಕು ಹೋಗಬೇಕೆಂದರೆ ಪೆಟ್ಟಿಗೆಯೇ ಮಾತಾಡಬೇಕು. ಅದಕ್ಕೆ ನಮ್ಮ ಸೀಮೆಯಲ್ಲೇ ಒಳ್ಳೆಯ ಉದಾಹರಣೆಯಿದೆ. ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಸಂಸ್ಥಾನವೇ ಗಂಧದೆಣ್ಣೆ ತೆಗೆಯಲು ಹೊರಟಿತು. ಆ ಎಣ್ಣೆಯಿಂದ ಹುಟ್ಟಿದ್ದು ಮೈಸೂರು ಸ್ಯಾಂಡಲ್ ಸಾಬೂನು. ಅದನ್ನು ರೂಪಿಸಿದ ಸೋಸಲೆ ಗರಳಪುರಿ ಶಾಸ್ತ್ರಿಗಳು ಸುವಾಸನೆಯಷ್ಟೇ ಗಮನವನ್ನು ಹೊದಿಕೆಗೂ ಕೊಟ್ಟರು. ಒಡವೆ ಪೆಟ್ಟಿಗೆಯಂಥ ಡಬ್ಬಿ, ಒಳಗೆ ಮೊಟ್ಟೆಯಾಕಾರದ ಬಿಲ್ಲೆ, ಗುರುತಿಗೆ ಆನೆಯ ತಲೆ, ಸಿಂಹದ ಮೈಯ ಶರಭ. ಅಕ್ಷರ ಬಾರದ ಅಜ್ಜಿಯೂ ಶರಭವನ್ನು ನೋಡಿ ಸಾಬೂನು ಗುರುತಿಸುತ್ತಿದ್ದಳು.

ಹಾಗೆಂದು ಅಲಂಕಾರವಿಲ್ಲದ ಪೊಟ್ಟಣವೆಲ್ಲ ಕೆಟ್ಟದ್ದೆನ್ನಲಾರೆ. ಬಣ್ಣದ ಡಬ್ಬಿಗೂ ಜಾಹೀರಾತಿಗೂ ನಾವೇಕೆ ದುಡ್ಡು ಕೊಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಫ್ರಾನ್ಸಿನ ಕಾರ್‌ಫೂರ್ ಅಂಗಡಿಗಳು 1976ರಲ್ಲಿ ಕಂಪನಿಯ ಹೆಸರಿಲ್ಲದ ಸರಕುಗಳನ್ನು ಬರಿಯ ಬಿಳಿ ಹೊದಿಕೆಯಲ್ಲಿ ಮಾರಲು ತಂದವು. 1978ರಲ್ಲಿ ಕೆನಡಾದ ಲಾಬ್ಲಾಸ್ ಅಂಗಡಿಗಳು ‘ಹೆಸರಿಲ್ಲದ್ದು’ ಎಂಬ ಹೆಸರಿನಲ್ಲೇ ಹಳದಿ ಪೊಟ್ಟಣಗಳನ್ನು ಇಳಿಸಿದವು. ಹಳದಿಯ ಮೇಲೆ ಒಳಗಿರುವ ವಸ್ತುವಿನ ಹೆಸರು ದಪ್ಪನೆಯ ಕಪ್ಪು ಅಕ್ಷರದಲ್ಲಿ. ಅದೇ ಅದರ ಚಿತ್ತಾರ. ಆ ದೇಶದ ಕಾನೂನಿನಂತೆ ಹೆಸರು ಇಂಗ್ಲಿಷಿನಲ್ಲೂ ಇರಬೇಕು, ಫ್ರೆಂಚಿನಲ್ಲೂ ಇರಬೇಕು. ಹೊದಿಕೆ ಎಷ್ಟೇ ಸಾದಾ ಆದರೂ ಒಳಗೇನಿದೆ ಎಂಬುದು ಎದ್ದು ಕಾಣುತ್ತದೆ. ನಮ್ಮಮ್ಮನ ಪೊಟ್ಟಣದಲ್ಲಿ ಎದ್ದು ಕಂಡದ್ದು ಅಂಗಡಿಯ ಹೆಸರು.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. ಪೊಟ್ಟಣದ ಸರಕುಗಳ ನಿಯಮಗಳು 1977ರಲ್ಲೇ ಬಂದವು. 2011ರಲ್ಲಿ ಅವುಗಳ ಜಾಗಕ್ಕೆ ಹೊಸವು ಬಂದವು. ತಯಾರಕರ ವಿಳಾಸ, ವಸ್ತುವಿನ ಹೆಸರು, ನಿವ್ವಳ ತೂಕ, ತಿಂಗಳು, ಬೆಲೆ ಎಲ್ಲ ಇರಬೇಕು. ಅಂಕಿ ಅಕ್ಷರಗಳ ಎತ್ತರಕ್ಕೂ ಲೆಕ್ಕವುಂಟು. ಆದರೆ ಇವೆಲ್ಲ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು. ಬೇರೆ ಭಾಷೆ ಸೇರಿಸಿದರೆ ಅಡ್ಡಿಯಿಲ್ಲ ಎನ್ನುತ್ತದೆ ನಿಯಮ. ಅಡ್ಡಿಯಿಲ್ಲ ಎಂದರೆ ಯಾರು ತಾನೆ ಕೈಯಿಂದ ಹಾಕಿ ಅಚ್ಚು ಮಾಡಿಸುತ್ತಾರೆ? ರಾಜ್ಯದಲ್ಲಿ ತಯಾರಾಗಿ ಮಾರಾಟವಾಗುವ ಸರಕಿನ ಮೇಲೆ ಕನ್ನಡವೂ ಇರಬೇಕೆಂದು ನಮ್ಮ ಸರ್ಕಾರ 2025ರ ಫೆಬ್ರವರಿಯಲ್ಲಿ ಆದೇಶ ಹೊರಡಿಸಿತು. ಹೊರಗಿನಿಂದ ಬರುವುದಕ್ಕೆ ಆ ಕಟ್ಟಳೆಯಿಲ್ಲ.

ನಾವು ಹೆಂಗಸರು ಬೆಲೆ ಕೇಳುತ್ತೇವೆ, ತಾರೀಖು ನೋಡುತ್ತೇವೆ. ‘ಇದರ ಹೆಸರು ಕನ್ನಡದಲ್ಲಿ ಯಾಕಿಲ್ಲ?’ ಎಂದು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಇಂಗ್ಲಿಷ್ ಬಲ್ಲ ನನಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ.

ಅಮ್ಮ ಮಾತ್ರ ಅಂದೇ ಸಂಜೆ ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ಹಿಂಬದಿಗೆ ದುಂಡಗೆ ಬರೆದು, ಅನ್ನದ ಅಗುಳು ತಿಕ್ಕಿ ಡಬ್ಬಿಗಳಿಗೆ ಅಂಟಿಸಿದಳು. ಅಡುಗೆ ಸೋಡ. ಬಟ್ಟೆ ಸೋಡ. ಎರಡನೆಯದರ ಕೆಳಗೆ ಇನ್ನೊಂದು ಸಾಲು: ಬಾಯಿಗೆ ಹಾಕಬಾರದು.