ಹೆದ್ದಾರಿ ಅಭಿವೃದ್ಧಿ ಕಾಮಗಾರಿ: ಯೋಜನೆ, ಪರಿಸರ ಅಧ್ಯಯನ ಹಾಗೂ ಆಕ್ಷೇಪಣೆ ಸಲ್ಲಿಕೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಹೆದ್ದಾರಿ ಅಗಲೀಕರಣ ಅಥವಾ ಬೈಪಾಸ್ ನಿರ್ಮಾಣದಿಂದ ಜಮೀನು, ಮನೆ, ಅಂಗಡಿ, ಬಾವಿ ಅಥವಾ ಮರಗಳನ್ನು ಕಳೆದುಕೊಳ್ಳುವ ಸಂಭವವುಳ್ಳವರು ಯಾವ ಹಂತದಲ್ಲಿ, ಯಾರಿಗೆ, ಎಷ್ಟು ದಿನಗಳೊಳಗೆ ಅಹವಾಲು ಸಲ್ಲಿಸತಕ್ಕದ್ದು ಎಂಬುದನ್ನು ಇಲ್ಲಿ ತಿಳಿಸಲಾಗಿದೆ. ಬಹುಪಾಲು ಅರ್ಜಿಗಳು ಗಡಿಕಲ್ಲು ನೆಟ್ಟ ಮೇಲೆಯೇ ಬರುತ್ತವೆ. ಆ ವೇಳೆಗೆ ಮಾರ್ಗ ಅಂತಿಮಗೊಂಡಿರುವುದರಿಂದ, ಪರಿಹಾರದ ಮೊತ್ತದ ಹೊರತು ಬೇರೇನನ್ನೂ ಪರಿಶೀಲಿಸುವುದು ಕಷ್ಟಸಾಧ್ಯ.

ಮಾರ್ಗ ನಿರ್ಧಾರ

ವಾಹನ ಗಣತಿ, ಮಣ್ಣು ಪರೀಕ್ಷೆ, ಸೇತುವೆ ಹಾಗೂ ಮೋರಿಗಳ ಸಮೀಕ್ಷೆ ನಡೆಸಿ, ಪರ್ಯಾಯ ಮಾರ್ಗಗಳನ್ನು ಹೋಲಿಸಿ ವಿವರವಾದ ಯೋಜನಾ ವರದಿಯನ್ನು ಸಿದ್ಧಪಡಿಸಲಾಗುವುದು. ಕೆರೆಗೆ ನೀರು ಬರುವ ಹಳ್ಳ, ಮಳೆಗಾಲದಲ್ಲಿ ನೀರು ನಿಲ್ಲುವ ಜಾಗ, ದನಕರು ದಾಟುವ ಹಾದಿ ಇವು ನಕ್ಷೆಯಲ್ಲಿ ಕಾಣದೇ ಹೋಗಬಹುದು. ಮೋರಿಯ ಸ್ಥಳ ತಪ್ಪಿದಲ್ಲಿ ಎತ್ತರಿಸಿದ ರಸ್ತೆಯೇ ಒಡ್ಡಾಗಿ ಗದ್ದೆಗಳಲ್ಲಿ ನೀರು ನಿಲ್ಲುತ್ತದೆ. ಸಮೀಕ್ಷಾ ತಂಡಕ್ಕೆ ಇವುಗಳನ್ನು ಗ್ರಾಮಸ್ಥರೇ ತೋರಿಸುವುದು ಸೂಕ್ತ.

ಪರಿಸರ ಅನುಮತಿ

ಎಲ್ಲ ರಸ್ತೆ ಕಾಮಗಾರಿಗಳಿಗೂ ಇದು ಕಡ್ಡಾಯವಲ್ಲ. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆ ಹಾಗೂ ಅದರ 2009ರ ತಿದ್ದುಪಡಿಯ ಮೇರೆಗೆ, ಹೊಸ ರಾಜ್ಯ ಹೆದ್ದಾರಿಗಳಿಗೂ, ಸಮುದ್ರಮಟ್ಟದಿಂದ 1000 ಮೀಟರ್‌ಗಿಂತ ಎತ್ತರದ ಗುಡ್ಡಗಾಡು ಅಥವಾ ಪರಿಸರ ಸೂಕ್ಷ್ಮ ಪ್ರದೇಶದಲ್ಲಿ ಕೈಗೊಳ್ಳುವ ರಾಜ್ಯ ಹೆದ್ದಾರಿ ವಿಸ್ತರಣೆಗೂ ಪೂರ್ವಾನುಮತಿ ಅಗತ್ಯ. ರಾಷ್ಟ್ರೀಯ ಹೆದ್ದಾರಿ ವಿಸ್ತರಣೆಯಾದಲ್ಲಿ 2013ರ ತಿದ್ದುಪಡಿಯಂತೆ ಉದ್ದವು 100 ಕಿ.ಮೀ. ಮೀರಿರಬೇಕು, ಜೊತೆಗೆ ಹೆಚ್ಚುವರಿ ಭೂಮಿಯ ಅಗಲವು ಹಾಲಿ ಮಾರ್ಗದಲ್ಲಿ 40 ಮೀ., ಬೈಪಾಸ್ ಅಥವಾ ಬದಲಿ ಮಾರ್ಗದಲ್ಲಿ 60 ಮೀ. ಮೀರಿರಬೇಕು. ಅರಣ್ಯ ಭೂಮಿ ಬಳಕೆಗೆ ಪ್ರತ್ಯೇಕ ಅನುಮೋದನೆ ಪಡೆಯತಕ್ಕದ್ದು.

ವಿಶ್ವಬ್ಯಾಂಕ್‌ ಅಥವಾ ಏಷ್ಯಾ ಅಭಿವೃದ್ಧಿ ಬ್ಯಾಂಕ್‌ ನೆರವಿನ ಕಾಮಗಾರಿಗಳಲ್ಲಿ, ಸದರಿ ಅನುಮತಿ ಬೇಕಿಲ್ಲದಿದ್ದರೂ ಪರಿಸರ ಹಾಗೂ ಪುನರ್ವಸತಿ ಅಧ್ಯಯನಗಳು ನಡೆಯುತ್ತವೆ. ಹಕ್ಕುಪತ್ರವಿಲ್ಲದ ಗೂಡಂಗಡಿಯವರಿಗೂ ಇಲ್ಲಿ ನೆರವು ದೊರೆಯುವ ಅವಕಾಶವಿರುವುದರಿಂದ, ಕುಟುಂಬ ಸಮೀಕ್ಷೆಯ ದಿನ ಸ್ಥಳದಲ್ಲಿದ್ದು ಹೆಸರು ದಾಖಲಿಸಿಕೊಳ್ಳತಕ್ಕದ್ದು.

ಪರಿಸರ ಸಾರ್ವಜನಿಕ ಆಲಿಕೆ ಸಭೆ

ಅನುಮತಿ ಅಗತ್ಯವಿರುವ ಯೋಜನೆಗಳಿಗೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಆಲಿಕೆ ಸಭೆಯನ್ನು ಏರ್ಪಡಿಸುತ್ತದೆ. ಹೆಚ್ಚುವರಿ ಭೂಸ್ವಾಧೀನವಿಲ್ಲದ ವಿಸ್ತರಣೆಗೆ ಇದರಿಂದ ವಿನಾಯಿತಿ ಇದೆ. ಕನಿಷ್ಠ 30 ದಿನಗಳ ಮುನ್ಸೂಚನೆಯನ್ನು ಪತ್ರಿಕೆಗಳಲ್ಲಿ ಪ್ರಕಟಿಸಲಾಗುವುದು. ಕರಡು ವರದಿ ಹಾಗೂ ಅದರ ಕನ್ನಡ ಸಾರಾಂಶವು ಜಿಲ್ಲಾಧಿಕಾರಿಗಳ ಕಚೇರಿ ಮತ್ತು ಜಿಲ್ಲಾ ಪಂಚಾಯತಿಯಲ್ಲಿ ಪರಿಶೀಲನೆಗೆ ಲಭ್ಯವಿರುತ್ತದೆ. ಸಭೆಗೆ ಬರಲಾಗದವರು ಲಿಖಿತ ಅಭಿಪ್ರಾಯವನ್ನು ಮಂಡಳಿಗೆ ಕಳುಹಿಸಬಹುದು.

ಸಭೆಗೆ ಕೋರಂ ನಿಗದಿಪಡಿಸಿಲ್ಲ; ಅಂದರೆ ಗ್ರಾಮಸ್ಥರು ಬಾರದಿದ್ದರೂ ಸಭೆ ಊರ್ಜಿತವೇ. ಬಹಿಷ್ಕಾರದಿಂದ ಆಕ್ಷೇಪಣೆ ದಾಖಲಾಗುವುದಿಲ್ಲ ಎಂಬುದನ್ನು ಗಮನಿಸುವುದು. "ರಸ್ತೆ ಬೇಡ" ಎಂಬ ಒಂದು ಸಾಲಿಗಿಂತ ಸರ್ವೆ ನಂಬರ್, ಮರಗಳ ಸಂಖ್ಯೆ, ಬಾವಿಯ ದೂರ ಇವುಗಳನ್ನು ನಮೂದಿಸಿದ ಮನವಿಗೆ ನಿರ್ದಿಷ್ಟ ಉತ್ತರ ಕೇಳಬಹುದು. ಸಭೆಯ ಕೊನೆಯಲ್ಲಿ ನಡವಳಿಯನ್ನು ಕನ್ನಡದಲ್ಲಿ ಓದಿ ಹೇಳಲಾಗುವುದು. ತಮ್ಮ ಮಾತು ಬಿಟ್ಟುಹೋಗಿದ್ದಲ್ಲಿ ಆಗಲೇ ತಿಳಿಸತಕ್ಕದ್ದು.

ಭೂಸ್ವಾಧೀನ

ಪತ್ರಿಕೆಯಲ್ಲಿ ಅಥವಾ ರಾಜಪತ್ರದಲ್ಲಿ ಅಧಿಸೂಚನೆ ಕಂಡಾಗ ಮೊದಲು ಕಾಯ್ದೆಯ ಹೆಸರನ್ನು ಓದಿಕೊಳ್ಳುವುದು. ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆ, 1956ರ ಕಲಂ 3ಎ ಅಧಿಸೂಚನೆಯಾದಲ್ಲಿ ಪ್ರಕಟಣೆಯ ದಿನದಿಂದ ಆಕ್ಷೇಪಣೆಗೆ 21 ದಿನಗಳು ಮಾತ್ರ. 2013ರ ಭೂಸ್ವಾಧೀನ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆಯಾದಲ್ಲಿ 60 ದಿನಗಳು. ಎರಡನ್ನೂ ಒಂದೆಂದು ಭಾವಿಸಿ 21 ದಿನಗಳು ಮೀರಿದಲ್ಲಿ ಹಕ್ಕು ಕೈತಪ್ಪುತ್ತದೆ. 1956ರ ಕಾಯ್ದೆಯಲ್ಲಿ ಕಲಂ 3ಡಿ ಘೋಷಣೆಯೊಂದಿಗೆ ಭೂಮಿಯು ಸರ್ಕಾರಕ್ಕೆ ಸೇರುತ್ತದೆ.

ಆಕ್ಷೇಪಣೆಯನ್ನು ಅಧಿಸೂಚನೆಯಲ್ಲಿ ನಮೂದಿಸಿದ ಅಧಿಕಾರಿಗೆ ಲಿಖಿತವಾಗಿ ಸಲ್ಲಿಸಿ, ದಿನಾಂಕ ಸಹಿತ ಸ್ವೀಕೃತಿ ಪಡೆಯತಕ್ಕದ್ದು.

ಪಹಣಿಯು ಮೃತ ತಂದೆ ಅಥವಾ ಅಜ್ಜನ ಹೆಸರಿನಲ್ಲಿಯೇ ಇದ್ದು, ವಾರಸುದಾರರ ನಡುವೆ ಒಮ್ಮತವಿಲ್ಲದೆ ಪರಿಹಾರ ಪಾವತಿ ವಿಳಂಬವಾಗುವುದು ಸಾಮಾನ್ಯ. ಅಧಿಸೂಚನೆಗೆ ಕಾಯದೆ, ಮಾರ್ಗ ಸಮೀಕ್ಷೆಯ ಸುದ್ದಿ ತಿಳಿದೊಡನೆ ಪೌತಿ ಖಾತೆಗೆ ನಾಡ ಕಚೇರಿಯಲ್ಲಿ ಅರ್ಜಿ ಸಲ್ಲಿಸಲು ಕೋರಲಾಗಿದೆ.