ದಾರಿ ಬಿಡಿ ಎನ್ನುವ ಸದ್ದು

ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ, ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಗೆ ತೀರ ಸಮೀಪದಲ್ಲಿ ನಾವು ವಾಸವಾಗಿದ್ದೇವೆ. ತಲೆಯ ಮೇಲೆ ವಿಮಾನ, ಮಗ್ಗುಲಲ್ಲಿ ಹೆದ್ದಾರಿ, ತುಸು ಆಚೆಗೆ ಲೋಕಲ್ ರೈಲು. ಇವುಗಳ ಸದ್ದಿಗೆ ನಮ್ಮ ಕಿವಿ ಎಂದೋ ಒಗ್ಗಿಹೋಗಿದೆ. ಆದರೆ ಕಳೆದ ಮಳೆಗಾಲದ ಒಂದು ಬೆಳಗಿನ ಜಾವ ನಮ್ಮ ಗೇಟಿನ ಮುಂದೆ ಮೊಳಗಿದ ಸದ್ದಿಗೆ ಇಡೀ ಕಟ್ಟಡವೇ ಎದ್ದು ಕುಳಿತಿತು. ಲಾರಿ ಬಂದಿದೆಯೆಂದು ಕಿಟಕಿಯಿಂದ ಇಣುಕಿದರೆ ಅಲ್ಲಿದ್ದುದು ಒಂದು ಸಣ್ಣ ಪಿಕಪ್ ಗಾಡಿ.

ಅದರ ಚಾಲಕ ನಮಗೆ ಪರಿಚಿತನೇ. ಕುಂದಾಪುರದ ಕಡೆಯವನು. ವಾಶಿಯ ಮಾರುಕಟ್ಟೆಯಿಂದ ತರಕಾರಿ ತಂದು ಇಲ್ಲಿನ ಹೋಟೆಲುಗಳಿಗೆ ಹಾಕುತ್ತಾನೆ. ಹಗಲು ನಮ್ಮ ಆವರಣದಲ್ಲೇ ಗಾಡಿ ನಿಲ್ಲಿಸುತ್ತಾನೆ. ಕಲೀನಾದಿಂದ ಕುರ್ಲಾದತ್ತ ಸಾಗುವ ಸಿ.ಎಸ್.ಟಿ. ರಸ್ತೆಯಲ್ಲಿ ವಾಹನದ ಬಿಡಿಭಾಗಗಳ ಅಂಗಡಿಗಳ ಸಾಲೇ ಇದೆಯಲ್ಲ, ಅಲ್ಲಿ ಎರಡು ದಿನದ ಹಿಂದೆ ಏರ್ ಹಾರ್ನ್ ಹಾಕಿಸಿಕೊಂಡಿದ್ದನಂತೆ. ನಾವು ಆಕ್ಷೇಪಿಸಿದಾಗ ಆತ ಹೇಳಿದ್ದು ಇಷ್ಟು: “ಹೈವೇಯಲ್ಲಿ ಟ್ರೇಲರಿನವರಿಗೆ ನಮ್ಮ ಸಣ್ಣ ಹಾರ್ನು ಕೇಳುವುದೇ ಇಲ್ಲ ಮಾರಾಯ್ರೆ. ಕೇಳದಿದ್ದರೆ ನಾವು ಪಕ್ಕದಲ್ಲಿ ಇದ್ದೇವೆ ಅಂತ ಅವರಿಗೆ ಗೊತ್ತಾಗುವುದು ಹೇಗೆ?”

ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭವಲ್ಲ. ಹಾರ್ನಿನ ಇತಿಹಾಸವೆಲ್ಲ ಇದೇ ಪ್ರಶ್ನೆಗೆ ಕೊಟ್ಟ ಉತ್ತರಗಳ ಸರಣಿ.

ನಮ್ಮ ನಾಡಿನಲ್ಲಿ ಪಲ್ಲಕ್ಕಿಯ ಮುಂದೆ ಕೊಂಬು ಕಹಳೆಗಳು ಮೊಳಗುತ್ತಿದ್ದವು. ಬರುವವರು ದೊಡ್ಡವರು, ದಾರಿ ಬಿಡಿ ಎಂಬುದೇ ಅದರ ಅರ್ಥ. ಯಂತ್ರದ ಬಂಡಿ ಬಂದಾಗ ಇಂಗ್ಲೆಂಡಿನವರು ಆರಿಸಿಕೊಂಡ ಉಪಾಯ ಬೇರೆ. 1865ರ ಕಾಯಿದೆಯಂತೆ ಬಂಡಿಗೆ 60 ಗಜ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕಾಗಿತ್ತು. 1896ರಲ್ಲಿ ಹೊಸ ಕಾಯಿದೆ ಬಂದು, ಹಗುರವಾದ ಮೋಟಾರು ಬಂಡಿಗಳು ಗಂಟೆಯನ್ನೋ ಎಚ್ಚರಿಕೆ ಕೊಡಬಲ್ಲ ಬೇರೆ ಸಾಧನವನ್ನೋ ಇಟ್ಟುಕೊಳ್ಳಬೇಕೆಂದು ವಿಧಿಸಿತು. ಮನುಷ್ಯ ಮಾಡುತ್ತಿದ್ದ ಕೆಲಸ ಹೀಗೆ ಸದ್ದಿನ ಪಾಲಿಗೆ ಬಂದಿತು.

ಮುಂಬಯಿಯಲ್ಲಿಯೂ ಇದೇ ಕ್ರಮ. 1907ರಲ್ಲಿ ಓಡತೊಡಗಿದ ವಿದ್ಯುತ್ ಟ್ರಾಮಿನ ಚಾಲಕ ಕಾಲಿನಿಂದ ಗಂಟೆ ಬಾರಿಸುತ್ತಿದ್ದ. 1926ರ ಜುಲೈ 15ರಂದು ಅಫ್ಘನ್ ಚರ್ಚಿನಿಂದ ಕ್ರಾಫರ್ಡ್ ಮಾರುಕಟ್ಟೆಗೆ ನಗರದ ಮೊದಲ ಬಸ್ಸು ಹೊರಟಿತು. ಆ ಕಾಲದ ಮೋಟಾರಿನ ದನಿಯೆಂದರೆ ರಬ್ಬರ್ ಬುರುಡೆ ಹಿಚುಕಿ ಹಿತ್ತಾಳೆಯ ಕಹಳೆಯಿಂದ ಹೊರಡಿಸುವ ‘ಪೊಂ ಪೊಂ’. ಚಾಲಕನ ಅಂಗೈಯಲ್ಲಿ ಎಷ್ಟು ಬಲವಿದೆಯೋ ಅಷ್ಟೇ ಸದ್ದು.

ಆ ಮಿತಿಯನ್ನು ಮುರಿದವನು ಅಮೆರಿಕದ ಮಿಲ್ಲರ್ ರೀಸ್ ಹಚಿಸನ್. 1908ರ ಹೊತ್ತಿಗೆ ಮಾರುಕಟ್ಟೆಗೆ ಬಂದ ಅವನ ‘ಕ್ಲಾಕ್ಸನ್’ ಹಾರ್ನಿನಲ್ಲಿ ಹಲ್ಲುಗಳುಳ್ಳ ಚಕ್ರವೊಂದು ಲೋಹದ ತೆಳು ಪೊರೆಯನ್ನು ಉಜ್ಜಿ ಕರ್ಕಶವಾಗಿ ಕಿರುಚುತ್ತಿತ್ತು. ಇದೇ ಹಚಿಸನ್ ಅದಕ್ಕೂ ಮೊದಲು, ಕಿವಿ ಕೇಳದ ಬಾಲ್ಯದ ಗೆಳೆಯನೊಬ್ಬನನ್ನು ಕಂಡು, ವಿದ್ಯುತ್ತಿನಿಂದ ನಡೆಯುವ ಶ್ರವಣ ಸಾಧನವನ್ನು ರೂಪಿಸಿದ್ದ. ಕಿವುಡಿಗೆ ಮದ್ದು ಕಂಡುಹಿಡಿದವನೇ ಬೀದಿಗೆ ಕಿವಿಗಡಚಿಕ್ಕುವ ಸದ್ದನ್ನೂ ಕೊಟ್ಟ.

ಏರ್ ಹಾರ್ನಿನ ಮೂಲ ರೈಲು. 1869ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ಗಾಳಿಯ ಬ್ರೇಕಿಗೆ ಪೇಟೆಂಟ್ ಪಡೆದ ಮೇಲೆ ರೈಲುಬಂಡಿಯಲ್ಲಿ ಒತ್ತಿಟ್ಟ ಗಾಳಿ ಸದಾ ಸಿದ್ಧವಿರುವಂತಾಯಿತು. ಉಗಿಬಂಡಿ ಸರಿದು ಡೀಸೆಲ್, ವಿದ್ಯುತ್ ಬಂಡಿಗಳು ಬಂದಾಗ ಉಗಿಯ ಸಿಳ್ಳೆಯ ಜಾಗವನ್ನು ಈ ಗಾಳಿಯ ಕಹಳೆ ಹಿಡಿಯಿತು. ದೊಡ್ಡ ಲಾರಿ, ಬಸ್ಸುಗಳಲ್ಲಿಯೂ ಬ್ರೇಕು ಗಾಳಿಯದೇ. ಅದೇ ತೊಟ್ಟಿಯಿಂದ ಒಂದು ಕೊಳವೆ ಎಳೆದರೆ ಹಾರ್ನಾಗುತ್ತದೆ. ಪಿಕಪ್ಪಿನ ಬ್ರೇಕಾದರೋ ಎಣ್ಣೆಯದು, ಅದರಲ್ಲಿ ಗಾಳಿಯ ತೊಟ್ಟಿಯಿಲ್ಲ. ಆದಕಾರಣ ನಮ್ಮ ಗೆಳೆಯ 12 ವೋಲ್ಟಿನ ಸಣ್ಣ ಕಂಪ್ರೆಸರ್, ಪುಟ್ಟ ತೊಟ್ಟಿ, ರಿಲೇ, ಫ್ಯೂಸು, ಕವಾಟ ಎಲ್ಲವನ್ನೂ ಬೇರೆಯಾಗಿ ಕೂರಿಸಿಕೊಳ್ಳಬೇಕಾಯಿತು. ಗುಂಡಿ ಒತ್ತಿದೊಡನೆ ಕವಾಟ ತೆರೆದು, ಗಾಳಿ ಪೊರೆಯನ್ನು ನಡುಗಿಸಿ ಕಹಳೆಯಿಂದ ಹೊರನುಗ್ಗುತ್ತದೆ. ಕಹಳೆ ಉದ್ದವಾದಷ್ಟೂ ಸ್ವರ ಗಂಭೀರ. ಸಣ್ಣ ಗಾಡಿಯೊಂದು ದೊಡ್ಡ ಗಾಡಿಯ ದನಿಯನ್ನು ಸಾಲ ತಂದು ಮಾತಾಡುವ ಏರ್ಪಾಡು ಇದು.

ಇದು ಚಾಲಕರ ದುರಹಂಕಾರ ಮಾತ್ರವೆಂದು ನಾವು ಹೇಳಲಾರೆವು. ಆಗುಂಬೆ, ಶಿರಾಡಿ ಘಾಟಿಗಳ ತಿರುವುಗಳಲ್ಲಿ ಎದುರಿನಿಂದ ಬರುವುದು ಕಣ್ಣಿಗೆ ಬೀಳುವ ಮೊದಲು ಕಿವಿಗೇ ಬೀಳಬೇಕು. ಲಾರಿಗಳ ಬೆನ್ನ ಮೇಲಿನ ‘ಹಾರ್ನ್ ಓಕೆ ಪ್ಲೀಸ್’ ಎಂಬ ಬರಹ, ಹಿಂದೆ ಬರುವವರು ಕನ್ನಡಿಯಲ್ಲಿ ಕಾಣುವುದಿಲ್ಲ, ಕೂಗಿ ತಿಳಿಸಿ ಎಂಬ ವಿನಂತಿಯೇ ಆಗಿತ್ತು. ಕಿರಿದಾದ ರಸ್ತೆಗಳ ಆ ಸೌಜನ್ಯ ನಗರದಲ್ಲಿ ಗೀಳಾಗಿ ಬೆಳೆಯಿತು. 2015ರಲ್ಲಿ ಮಹಾರಾಷ್ಟ್ರದ ಸಾರಿಗೆ ಇಲಾಖೆ ವಾಣಿಜ್ಯ ವಾಹನಗಳ ಮೇಲೆ ಆ ಬರಹವನ್ನೇ ನಿಷೇಧಿಸಿತು. ಅದು ಅನಗತ್ಯವಾಗಿ ಹಾರ್ನ್ ಬಾರಿಸಲು ಪ್ರೇರಣೆ ಕೊಡುತ್ತದೆಂಬುದು ಕಾರಣ.

ಕಾನೂನು ಇದಕ್ಕೂ ಹಳೆಯದು. ಸರಕಾರಿ ನೌಕರಿಯಲ್ಲಿರುವ ನಮಗೆ ನಿಯಮಾವಳಿಯ ಭಾಷೆ ಒಣದೆಂದು ಗೊತ್ತು. ಆದರೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೆಯ ನಿಯಮ ಸ್ಪಷ್ಟವಾಗಿದೆ: ಹಲವು ಸ್ವರಗಳ ಹಾರ್ನನ್ನಾಗಲಿ, ಅತಿ ಕರ್ಕಶವಾದ ಇಲ್ಲವೆ ಬೆಚ್ಚಿಬೀಳಿಸುವ ಸದ್ದಿನ ಸಾಧನವನ್ನಾಗಲಿ ಗಾಡಿಗೆ ಅಳವಡಿಸುವುದೇ ತಪ್ಪು. ಆಂಬ್ಯುಲೆನ್ಸ್, ಅಗ್ನಿಶಾಮಕದಂಥ ವಾಹನಗಳಿಗೆ ಮಾತ್ರ ವಿನಾಯಿತಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ. 2005ರ ಜುಲೈ 18ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ಅನಿವಾರ್ಯ ಸಂದರ್ಭದ ಹೊರತು ಹಾರ್ನ್ ಬಾರಿಸಕೂಡದೆಂದಿತು.

2020ರ ಜನವರಿಯ ಕೊನೆಯಲ್ಲಿ ಮುಂಬಯಿ ಸಂಚಾರಿ ಪೊಲೀಸರು ಪ್ರಕಟಿಸಿದ ಒಂದು ಪ್ರಯೋಗ ನಮಗೆ ಬಹಳ ಹಿಡಿಸಿತ್ತು. ಬಾಂದ್ರಾ, ಹಿಂದ್‌ಮಾತಾ, ಪೆಡ್ಡರ್ ರೋಡ್ ಮುಂತಾದೆಡೆ ಸಿಗ್ನಲ್ ಕಂಬಗಳಿಗೆ ಸದ್ದಿನ ಮಾಪಕ ಜೋಡಿಸಿದ್ದರು. ಹಾರ್ನುಗಳ ಗದ್ದಲ 85 ಡೆಸಿಬೆಲ್ ಮೀರಿದರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿನಿಂದ ಆರಂಭ. ಡೆಸಿಬೆಲ್ ಲೆಕ್ಕದಲ್ಲಿ 10 ಅಂಕ ಏರಿತೆಂದರೆ ಸದ್ದಿನ ತೀವ್ರತೆ 10 ಪಟ್ಟು ಏರಿತೆಂದು ಅರ್ಥ. ಅಂದರೆ 85 ಎಂಬುದು ರಾತ್ರಿಯ ಮಿತಿಯಾದ 45ಕ್ಕಿಂತ 10,000 ಪಟ್ಟು ತೀವ್ರ.

ಈ ಅಂಕಿಗಳ ಅರ್ಥ ನಮ್ಮ ಮನೆಯಲ್ಲೇ ಇದೆ. ಎಂಬತ್ತು ದಾಟಿದ ನಮ್ಮ ತಂದೆಯವರು ಶ್ರವಣ ಸಾಧನ ಹಾಕುತ್ತಾರೆ. ಸ್ಟೇಷನ್ನಿನ ಬಳಿಯ ಬಿಲ್ಲವರ ಭವನದಲ್ಲಿ ಯಕ್ಷಗಾನವಿದ್ದರೆ ಮುಂದಿನ ಸಾಲಿನಲ್ಲೇ ಅವರು ಕೂರುವುದು; ಚೆಂಡೆಯ ಪೆಟ್ಟು ಅವರಿಗೆ ಎಂದೂ ಜೋರೆನಿಸಿಲ್ಲ. ಆದರೆ ಬೀದಿಗಿಳಿಯುವಾಗ ಸಾಧನವನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ, ಹಾರ್ನಿನ ಸದ್ದು ಅದರೊಳಗಿಂದ ಸೂಜಿಯಂತೆ ಇರಿಯುತ್ತದೆಂದು. ಕಳೆದ ವರ್ಷ ಮಾರುಕಟ್ಟೆಯ ರಸ್ತೆಯಲ್ಲಿ ಹಿಂದಿನಿಂದ ಬಂದ ರಿಕ್ಷಾ ಅವರನ್ನು ಕೆಡವಿತು. ರಿಕ್ಷಾದವನು ಹಾರ್ನ್ ಹೊಡೆದದ್ದು ನಿಜ. ಇವರಿಗೆ ಕೇಳಿಸದ್ದೂ ನಿಜ. ಮೊಣಕಾಲಿನ ಗಾಯ ಮಾಯಿತು, ಒಬ್ಬರೇ ಹೊರಗೆ ಹೋಗುವ ಧೈರ್ಯ ಮಾತ್ರ ಮರಳಲಿಲ್ಲ. ಎಚ್ಚರಿಸಬೇಕಾದ ಸದ್ದು ಅತಿಯಾದುದರಿಂದ, ಯಾರನ್ನು ಎಚ್ಚರಿಸಬೇಕಿತ್ತೋ ಅವರೇ ಕಿವಿ ಮುಚ್ಚಿಕೊಂಡು ನಡೆಯುವಂತಾಗಿದೆ.

ಇದನ್ನು ಚಾಲಕನಿಗೆ ಹೇಳಿದೆವು. ಟ್ರೇಲರಿನವನಿಗೆ ಕೇಳಲೆಂದು ಆತ ಸದ್ದು ಏರಿಸಿದ; ನಾಳೆ ಟ್ರೇಲರಿನವನು ಗಾಜು ಏರಿಸಿಕೊಂಡರೆ ಇನ್ನೂ ಏರಿಸಬೇಕಾಗುತ್ತದೆ ಎಂದೂ ಹೇಳಿದೆವು. ಆತ ವಾದಿಸಲಿಲ್ಲ, ಒಪ್ಪಲೂ ಇಲ್ಲ. “ಅಜ್ಜನವರಿಗೆ ಪೆಟ್ಟಾದದ್ದು ಗೊತ್ತಿರಲಿಲ್ಲ” ಎಂದಷ್ಟೇ ಅಂದ. ಹಾರ್ನು ಇನ್ನೂ ಗಾಡಿಯಲ್ಲೇ ಇದೆ. ಹೆದ್ದಾರಿಯಲ್ಲಿ ಬಾರಿಸುತ್ತಾನೋ ಏನೋ, ನಾವು ಕೇಳಿಲ್ಲ. ಕಾನೂನಿನ ಕಣ್ಣಿನಲ್ಲಿ ಅದೂ ತಪ್ಪೇ ಎಂದು ಆತನಿಗೆ ತಿಳಿಸಿದ್ದೇವೆ.

ಆದರೆ ಬೆಳಗಿನ ಜಾವ ನಮ್ಮ ಗೇಟಿನ ಮುಂದೆ ಈಗ ಸದ್ದಿಲ್ಲ. ಆತ ಗಾಡಿ ನಿಲ್ಲಿಸಿ, ಇಳಿದು, ನಡೆದು ಬಂದು ಕಾವಲುಗಾರನನ್ನು ಮೆಲ್ಲನೆ ಕೂಗುತ್ತಾನೆ.